ಎಷ್ಟು ಬತ್ತೀರಾ?

ನಮ್ಮ ಹೊನ್ನವಳ್ಳಿ ಕಡೆ ಯಾರೂ ಯಾರಿಗೂ ‘ಬರೋದಿಲ್ಲ’ ಎಂದು ಹೇಳುವುದಿಲ್ಲ. ಕರೆದರೆ ‘ಬತ್ತೀನಿ’ ಅನ್ನುತ್ತಾರೆ. ಎದ್ದು ಹೋಗುವಾಗಲೂ ‘ಬತ್ತೀನಿ’ ಅನ್ನುತ್ತಾರೆ. ಹೀಗಾಗಿ ಬರುವವರು ಯಾರು, ಹೋಗುವವರು ಯಾರು ಎಂದು ಮಾತಿನಿಂದ ತಿಳಿಯುವುದಿಲ್ಲ, ಬಾಗಿಲಲ್ಲಿ ನಿಂತು ನೋಡಬೇಕು. ನಾನೇನು ಕಮ್ಮಿ ಇಲ್ಲ. ಹೋದ ವರ್ಷ ‘ಬತ್ತೀನಿ’ ಎಂದು ಹೇಳಿ ಹೋಗದೇ ಉಳಿದ ಮನೆಗಳನ್ನು ಎಣಿಸಲು ಎರಡು ಕೈಯ ಬೆರಳೂ ಸಾಲದು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಬೆರಳು ಮೀರಿದ ಎಣಿಕೆಗೆ ನಾನು ಕೈ ಹಾಕುವುದಿಲ್ಲ.

ಈ ಸಲ ಕೊಬ್ಬರಿ ಕೆಲಸ ಬಂತು. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸಿಪ್ಪೆ ಸುಲಿಸಿ, ಅಂಗಳದಲ್ಲಿ ರಾಶಿ ಹಾಕಿಸಿದ್ದೆ. ಇನ್ನು ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು. ಅದಕ್ಕೆ ನಮ್ಮಲ್ಲಿ ಮುಯ್ಯಿ ಪದ್ಧತಿ. ಇವತ್ತು ಅವರು ಬಂದು ನಮ್ಮದನ್ನು ಒಡೆದುಕೊಟ್ಟರೆ ನಾಳೆ ನಾವು ಹೋಗಿ ಅವರದ್ದನ್ನು ಒಡೆದುಕೊಡಬೇಕು. ಆರು ಹೆಂಗಸರು ಕೂತರೆ ಒಂದು ದಿನದ ಕೆಲಸ. ಆದರೆ ಬೋರನಕಣಿವೆ ಕಡೆ ಮೋಡ ಕಟ್ಟುತ್ತಿತ್ತು, ರಾಶಿಗೆ ಹೊದಿಸಲು ಇದ್ದ ಟಾರ್ಪಾಲು ಜರಡಿಯ ಹಾಗಿತ್ತು. ಕಾಯಿ ನೆನೆದು ಒಳಗೆ ತೇವ ಹಿಡಿದರೆ ಕೊಬ್ಬರಿಗೆ ಬೂಸಲು. ಹನ್ನೊಂದು ತಿಂಗಳು ಇಲಿ ಓಡಿಸಿದ್ದೂ ದಂಡ. ಓಡಿಹೋಗಿ ಆರು ಮನೆಗೂ ಹೇಳಿ ಬಂದೆ. ಆರೂ ಜನ ‘ಬತ್ತೀನಿ’ ಅಂದರು. ನನಗೆ ಹೆದರಿಕೆ ಶುರುವಾದದ್ದೇ ಆಗ.

ತುಮಕೂರಿನಲ್ಲಿ ಎಂಎಸ್ಸಿ ಗಣಿತ ಓದುವ ಮೊಮ್ಮಗಳು ಚೈತ್ರ ರಜೆಗೆ ಬಂದಿದ್ದಳು. “ಅಜ್ಜಿ, ನನ್ನ ಪ್ರಾಜೆಕ್ಟೇ ಇದು. ಫಜಿ ಗ್ರಾಫ್!” ಎಂದು ಕುಣಿದಳು. ನನಗೆ ಬಜ್ಜಿ ಎಂದು ಕೇಳಿಸಿತು. “ಎಣ್ಣೆ ಇಲ್ಲ ಕಣೇ” ಅಂದೆ. ಅವಳು ಹಣೆ ಚಚ್ಚಿಕೊಂಡು ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ, ಇಬ್ಬರ ನಡುವಿನ ಒಡನಾಟಕ್ಕೆ ಒಂದು ಗೆರೆ. ಮಾಮೂಲಿ ಗ್ರಾಫಿನಲ್ಲಿ ಗೆರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇವಳದ್ದರಲ್ಲಿ ಕಾಲುಭಾಗ ಇರುವ ಗೆರೆ, ಮುಕ್ಕಾಲು ಇರುವ ಚುಕ್ಕಿ, ಎಲ್ಲಾ ಉಂಟಂತೆ. ಸೊನ್ನೆಯಿಂದ ಒಂದರವರೆಗೆ ಎಷ್ಟು ಬೇಕಾದರೂ ಹಾಕಬಹುದು.

“ಬತ್ತಾರೋ ಇಲ್ವೋ ಅನ್ನೋದಲ್ಲ ಅಜ್ಜಿ. ಎಷ್ಟರ ಮಟ್ಟಿಗೆ ಬತ್ತಾರೆ ಅನ್ನೋದು.”

“ಹಂಗನ್ನು ಮತ್ತೆ! ಸಾಕಮ್ಮ ಬಂದ್ರೂ ಅರ್ಧನೇ ಬರೋದು. ಒಂದು ಕಾಯಿ ಒಡೆದು ಒಂದು ಗಂಟೆ ಸೊಸೆ ಸುದ್ದಿ ಹೇಳ್ತಾಳೆ.”

“ಸೊನ್ನೆ ಪಾಯಿಂಟ್ ಐದು” ಎಂದು ಚೈತ್ರ ಬರೆದುಕೊಂಡಳು. ಎದುರುಮನೆ ಗೌರಮ್ಮ ಗಟ್ಟಿ ಆಳು, ಅವಳಿಗೆ ಪಾಯಿಂಟ್ ಒಂಬತ್ತು. ಈ ಗಣಿತದ ಪುಸ್ತಕ ಬರೆದವರು ನಮ್ಮೂರಿಗೆ ಬಂದುಹೋಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನಡುಮಧ್ಯೆ ಒಂದು ಚುಕ್ಕಿ ಇಟ್ಟು ಪಾಯಿಂಟ್ ಮೂರು ಅಂತ ಬರೆದಳು.

“ಯಾವಳೇ ಈ ದರಿದ್ರದೋಳು?”

“ನೀನೇ ಅಜ್ಜಿ. ಹೋದ ವರ್ಷ ಯಾರ ಮನೆ ಮುಯ್ಯಿಗೂ ಹೋಗಿಲ್ಲ.”

“ಮಂಡಿ ನೋವು ಕಣೇ.”

“ಶೆಟ್ಟಿಕೆರೆ ಮದುವೆಗೆ ಹೋಗಿದ್ದೆಯಲ್ಲ?”

“ಬಸ್ಸಲ್ಲಿ ಹೋಗಿದ್ದು. ಬಸ್ಸಿಗೆ ಮಂಡಿ ಬೇಕೇನೇ?”

ಆಮೇಲೆ ಅವಳು ಕಾಯಿದೆ ಹೇಳಿದಳು. ಎರಡು ಚುಕ್ಕಿಯಲ್ಲಿ ಯಾವುದು ಚಿಕ್ಕದೋ, ನಡುವಿನ ಗೆರೆ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಎಲ್ಲರ ಗೆರೆಯೂ ನನ್ನ ಚುಕ್ಕಿಗೇ ಬಂದು ಸೇರುವುದರಿಂದ ಗೌರಮ್ಮನಂಥ ಗೌರಮ್ಮನ ಗೆರೆಯೂ ಮೂರನ್ನು ದಾಟುವುದಿಲ್ಲ. ಅಂದರೆ ನನ್ನ ಕೊಬ್ಬರಿಗೆ ಬೂಸಲು ಬಂದರೆ ಅದಕ್ಕೆ ಮೋಡ ಕಾರಣವಲ್ಲ, ನಾನು.

ನಾನು ಸಿಟ್ಟಿಗೆ ಎದ್ದು ಒಲೆಯ ಮುಂದೆ ಹೋಗಿ ಕೂತೆ. ಅವಳು ನೋಟ್‌ಬುಕ್ ಹಿಡಿದು, ಅಂಕಿ ಖಚಿತ ಮಾಡಿಕೊಳ್ಳಲು ಊರೊಳಗೆ ಹೋದಳು. ಒಂದೊಂದು ಮನೆ ಬಾಗಿಲಲ್ಲೂ ನಿಂತು, “ನಾಳೆ ನಮ್ಮನೆಗೆ ಎಷ್ಟು ಬತ್ತೀರಾ? ಅಜ್ಜಿ ಸಾಕಮ್ಮನಿಗೆ ಅರ್ಧ ಕೊಟ್ಟವ್ರೆ, ನೀವು ಎಷ್ಟು?” ಎಂದು ಕೇಳಿದಳಂತೆ. ಎಂಎಸ್ಸಿ ಓದಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ.

ಬೆಳಗ್ಗೆ ನಾನು ಒಲೆ ಹಚ್ಚುವ ಮೊದಲೇ ಬೀದಿಯಲ್ಲಿ ಗದ್ದಲ. ಆರೂ ಜನ ಬಂದಿದ್ದರು, ಸಾಕಮ್ಮ ಮುಂದೆ.

“ಯಾವಳೇ ನನ್ನ ಅರ್ಧ ಅಂದೋಳು? ಅರ್ಧ ಬರಾಕೆ ನಾನೇನು ಕರೆಂಟಾ?”

“ಕೋಪ ಮಾಡ್ಕೋಬೇಡ ಕಣೇ. ಅದು ಗಣಿತ” ಅಂದೆ.

“ಗಣಿತನ ನಿನ್ನ ಅಟ್ಟದ ಮೇಲಿಕ್ಕು. ತತ್ತಾ ಇಲ್ಲಿ ಮಚ್ಚು!”

ಕೂತಳು. ಬಾಯಿ ಬಿಡಲಿಲ್ಲ. ಸೊಸೆಯ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು ಎರಡೂ ಚಿಪ್ಪಿನ ಮೇಲೆ ಬಿದ್ದವು. ಜಗಳ ನೋಡಲು ಬಂದ ಉಳಿದವರು ಸುಮ್ಮನೆ ನಿಲ್ಲಲಾಗದೆ ಕೂತರು. ಹೊತ್ತು ಇಳಿಯುವುದರೊಳಗೆ ಕೊಬ್ಬರಿಯೆಲ್ಲ ಚೀಲ ಸೇರಿ ನಡುಮನೆಗೆ ಬಂತು. ಕಡೆಯ ಚೀಲ ಹೊಸಿಲು ದಾಟಿದ್ದೇ ತಡ, ಮಳೆ ಶುರುವಾಯಿತು. ಗೌರಮ್ಮ ಕೈ ಒರೆಸಿಕೊಂಡು ಚೈತ್ರಳಿಗೆ, “ಸಾಕಿಗೆ ಪೂರಾ ಒಂದು ಹಾಕು ಕಣವ್ವ. ಇಲ್ದಿದ್ರೆ ನಾಳೆನೂ ಬಂದು ನಿಮ್ಮ ಹಂಚು ಒಡೀತಾಳೆ” ಅಂದಳು.

ಈಗ ನನ್ನ ಮೇಲೆ ಆರು ಮನೆಯ ಮುಯ್ಯಿ. ಎರಡು ತೀರಿಸುವುದರಲ್ಲೇ ಹೆಬ್ಬೆರಳು ಬದನೆಕಾಯಿಯಂತೆ ಊದಿದೆ. ನಿನ್ನೆ ಚೈತ್ರ ರಬ್ಬರ್ ಹಿಡಿದು ಬಂದು, “ಅಜ್ಜಿ, ನೀನು ಸುಧಾರಿಸಿದ್ದೀಯ. ಪಾಯಿಂಟ್ ಎಂಟು ಮಾಡ್ಲಾ?” ಎಂದು ಕೇಳಿದಳು. ಅವಳ ಕೈ ಹಿಡಿದುಕೊಂಡೆ.

“ಬುಡೇ, ಮೂರೇ ಇರಲಿ. ಇನ್ನೂ ನಾಲ್ಕು ಮನೆ ಅವೆ.”

“ಮೂರು ಅಂದ್ರೆ ಹೆಂಗೆ ಹೋಗೋದು ಅಜ್ಜಿ?”

“ಊಟದ ಹೊತ್ತಿಗೆ ಹೋಗಿ, ಕಾಫಿ ಕುಡಿದು ಏಳೋದು.”