ಎರಡು ಕ್ಲಚ್ಚಿನ ಕಾರು ಮತ್ತು ನನ್ನ ಎಡಗಾಲು

ಗಾಡಿ ಬಿಡುವ ವಿಷಯದಲ್ಲಿ ನನಗೆ ಇನ್ನು ಕಲಿಯಲು ಏನೂ ಉಳಿದಿಲ್ಲವೆಂದು ಮೊನ್ನೆ ಮೊನ್ನೆಯವರೆಗೆ ನಂಬಿದ್ದೆ. ಮಾಣಿ ಎಂಬ ಊರಿನಿಂದ ದಿನವೂ ಜೀಪಿನಲ್ಲಿ ಶಾಲೆಗೆ ಹೋಗುವ ವಿಜ್ಞಾನದ ಮೇಷ್ಟ್ರು ನಾನು. ಎಂಥ ಏರಿನಲ್ಲಿ ನಿಲ್ಲಿಸಿದರೂ ಒಂದು ಗೇಣು ಹಿಂದೆ ಜಾರದಂತೆ ಹೊರಡಿಸಬಲ್ಲೆ. ಹಾಗಾಗಿ ಹೆಂಡತಿಯ ತಮ್ಮ ಪ್ರದೀಪ ಮದುವೆಗೆಂದು ದುಬೈಯಿಂದ ಬಂದು ಕೆಂಪು ಬಣ್ಣದ ಟರ್ಬೊ ಸ್ಪೋರ್ಟ್ಸ್ ಕಾರು ಕೊಂಡಾಗ, ದಿಬ್ಬಣದ ದಿನ ಮದುಮಗನನ್ನು ಕೂರಿಸಿಕೊಂಡು ಅದನ್ನು ಬಿಡುವ ಅಧಿಕಾರ ಭಾವನಾದ ನನ್ನದೇ ಎಂದು ಘೋಷಿಸಿಬಿಟ್ಟೆ.

ಈ ಹಟಕ್ಕೆ ಕಾರಣವಿತ್ತು. ನನ್ನ ಮದುವೆಯ ದಿನ ನಾನು ಕುಳಿತಿದ್ದ ಜೀಪು ಬಂಟ್ವಾಳದ ಮಾವನ ಮನೆಯ ಗೇಟಿನೆದುರೇ ಕೆಟ್ಟು ನಿಂತಿತ್ತು. ಹೆಣ್ಣಿನ ಕಡೆಯವರೇ ಅದನ್ನು ದೂಡಿ ಅಂಗಳಕ್ಕೆ ತಂದರು. ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು 'ದೂಡಿ ತಂದ ಅಳಿಯ'. ಈ ಹೆಸರು ಅಳಿಯಬೇಕಾದರೆ ಅದೇ ಅಂಗಳದಿಂದ, ಎಲ್ಲರೂ ಬಾಯಿ ಬಿಟ್ಟು ನೋಡುವಂತೆ, ಕಾರನ್ನು ಒಮ್ಮೆಲೇ ಹಾರಿಸಬೇಕಿತ್ತು.

"ನಿಮ್ಮಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ. ನಾನು ಬಿಡ್ತೇನೆ," ಎಂದಳು ಹೆಂಡತಿ ವಾಸಂತಿ. ಲೈಸೆನ್ಸ್ ಇದ್ದರೂ ಜೀಪನ್ನು ಮುಟ್ಟದೆ ಸ್ಕೂಟರಿನಲ್ಲೇ ಓಡಾಡುವವಳು ಅವಳು.

"ಸ್ಕೂಟರ್ ಬಿಟ್ಟ ಹಾಗಲ್ಲ ಅದು!" ಎಂದು ನಕ್ಕೆ.

ಮೊದಲ ದಿನ ಪ್ರದೀಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಳಗೆ ನೋಡಿದರೆ ಎರಡೇ ಪೆಡಲ್!

"ಕ್ಲಚ್ ಎಲ್ಲಿ ಉಂಟು ಮಾರಾಯ?"

"ಇದರಲ್ಲಿ ಎರಡು ಕ್ಲಚ್ ಉಂಟು ಭಾವ. ಎರಡನ್ನೂ ಕಾರೇ ನೋಡಿಕೊಳ್ತದೆ. ಅದಕ್ಕೇ ಪೆಡಲ್ ಇಲ್ಲ."

ಎರಡಿದ್ದೂ ಒಂದೂ ಕಾಲಿಗೆ ಸಿಗುವುದಿಲ್ಲ! ಇದ್ಯಾವ ವಿಜ್ಞಾನವೋ.

ಕಲ್ಲಡ್ಕದಲ್ಲಿ ಚಹಾ ಕುಡಿದು, ಮನೆಗೆ ಬಿಸಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಹೈವೇಗೆ ಇಳಿಯಬೇಕಿತ್ತು. ಆಕ್ಸಿಲರೇಟರ್ ಒತ್ತಿದೆ. ಕಾರು ಗಮನಿಸಲೇ ಇಲ್ಲ. "ಟರ್ಬೊ ಸ್ವಲ್ಪ ಯೋಚನೆ ಮಾಡ್ತದೆ ಭಾವ, ಕಾಯಿರಿ," ಎಂದ ಪ್ರದೀಪ. ಕಾಯುವ ಜಾಯಮಾನ ನನ್ನದಲ್ಲ. ಇನ್ನಷ್ಟು ಒತ್ತಿದೆ. ಅದರ ಯೋಚನೆಯೆಲ್ಲ ಒಟ್ಟಿಗೇ ಮುಗಿಯಿತು! ಕಾರು ಹಾರಿತು. ಎರಡನೇ ಗೇರು ಹಾಕಬೇಕೆಂದು ನನ್ನ ಎಡಗಾಲು ತಾನಾಗಿಯೇ ಕ್ಲಚ್ಚನ್ನು ಬಲವಾಗಿ ತುಳಿಯಿತು. ಅಲ್ಲಿದ್ದದ್ದು ಬ್ರೇಕು. ಪ್ರದೀಪ ಬೆಲ್ಟಿನಲ್ಲಿ ನೇತಾಡಿದ. ಗೋಳಿಬಜೆಗೆ ಬೆಲ್ಟ್ ಇರಲಿಲ್ಲ. ಅವೆಲ್ಲ ಗಾಜಿಗೆ ಬಡಿದವು. ಹಿಂದಿದ್ದ ಬಸ್ಸಿನ ಡ್ರೈವರ್ ತಲೆ ಹೊರಹಾಕಿ ತುಳುವಿನಲ್ಲಿ ನನ್ನ ವಂಶವನ್ನು ವಿಚಾರಿಸಿಕೊಂಡು ಹೋದ.

ಅಳಿಯನಾಗಲಿ ಮೇಷ್ಟ್ರಾಗಲಿ ಅಷ್ಟಕ್ಕೆ ಬಿಡುವುದುಂಟೇ? ರಾತ್ರಿಯೆಲ್ಲ ವಿಡಿಯೊ ನೋಡಿದೆ. ಆ ಕಾರಿನಲ್ಲಿ 'ಲಾಂಚ್ ಕಂಟ್ರೋಲ್' ಎಂಬ ಏರ್ಪಾಡು ಇದೆಯಂತೆ. ಎಡಗಾಲಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಬಲಗಾಲಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಆಮೇಲೆ ಬ್ರೇಕ್ ಬಿಟ್ಟರೆ ಕಾರು ಚಿಮ್ಮುತ್ತದೆ. ಅಬ್ಬ, ಎಡಗಾಲಿಗೂ ಒಂದು ಉದ್ಯೋಗ ಸಿಕ್ಕಿತು!

ಮರುದಿನ ಶಾಲೆಯ ಮೈದಾನದಲ್ಲಿ ಪರೀಕ್ಷೆ. ಇಂಜಿನ್ ಗುಡುಗಿತು. ಎಡಗಾಲನ್ನು ಮೆಲ್ಲನೆ, ಎಳೆ ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ, ಸಡಿಲಿಸಿದೆ. ಕಾರು ನರಳಿತು. ಸುಟ್ಟ ವಾಸನೆ ಬಂತು. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಪರದೆಯ ಮೇಲೆ ಕೆಂಪು ದೀಪ ಹತ್ತಿತು.

"ಮೆಲ್ಲ ಅಲ್ಲ ಭಾವ, ಒಮ್ಮೆಲೇ ಬಿಡಬೇಕು!"

"ಒಮ್ಮೆಲೇ ಬಿಟ್ಟರೆ ಗಾಡಿ ಆಫ್ ಆಗ್ತದಲ್ಲ?"

"ಅದು ನಿಮ್ಮ ಜೀಪು!" ಎಂದು ಪ್ರದೀಪ ತಲೆಯ ಮೇಲೆ ಕೈ ಹೊತ್ತ. ಮದುಮಗನ ಮುಖದಲ್ಲಿ ಮದುವೆಯ ಕಳೆ ಅಂದೇ ಇಳಿಯತೊಡಗಿತ್ತು.

ಮದುವೆಯ ಮುನ್ನಾದಿನ ಮಾವನ ಮನೆಯಲ್ಲಿ ಕಾರಿಗೆ ಪೂಜೆ. ಅಂಗಳದಲ್ಲಿ ಚಪ್ಪರ, ಬಾಳೆಕಂಬ, ಚೆಂಡುಹೂವು. ಭಟ್ಟರು ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಗಳ ಅಡಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. "ಇನ್ನು ಲಿಂಬೆಹುಳಿ ಮೇಲೆ ಒಮ್ಮೆ ಮೆಲ್ಲ ಹತ್ತಿಸಿ ಆಯ್ತಾ," ಎಂದು ಬದಿಗೆ ಸರಿದರು. ನೆಂಟರಿಷ್ಟರೆಲ್ಲ ನೆರೆದಿದ್ದರು. ಹೊಸ ಬಿಳಿ ಮುಂಡು ಉಟ್ಟ ಮಾವ ಕಾರಿನ ಹಿಂದೆಯೇ ನಿಂತಿದ್ದರು. ಹೆಸರು ಅಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದುಂಟೇ? ಚಕ್ರ ಜಾರದಂತೆ ಕಾಯುವ ಬಟನ್ನನ್ನೂ ಆಫ್ ಮಾಡಿದೆ. ವಿಡಿಯೊದಲ್ಲಿ ಹಾಗೇ ಇತ್ತು. ಬ್ರೇಕ್ ಒತ್ತಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದೆ.

"ಬೇಡ ಭಾವಾ!" ಎಂದು ಪ್ರದೀಪ ಹೊರಗಿನಿಂದ ಕೂಗಿದ.

ಈ ಸಲ ಒಮ್ಮೆಲೇ ಬಿಟ್ಟೆ!

ಹಿಂದಿನ ಚಕ್ರಗಳು ನಿಂಬೆಹಣ್ಣಿನ ಮೇಲೆ ನಿಂತಲ್ಲೇ ಗಿರಗಿರನೆ ತಿರುಗಿದವು. ನಿಂಬೆರಸ, ಕುಂಕುಮ, ಅಂಗಳದ ಕೆಂಪು ಮಣ್ಣು ಮೂರೂ ಸೇರಿ ಮಾವನಿಗೆ ತಲೆಯಿಂದ ಪಾದದವರೆಗೆ ಅಭಿಷೇಕವಾಯಿತು. ಆಮೇಲೆ ಚಕ್ರಗಳಿಗೆ ನೆಲ ಸಿಕ್ಕಿತು. ಕಾರು ಚಿಮ್ಮಿತು. ಎಡಗಾಲು, ಹಾಳಾದ ಎಡಗಾಲು, ಎರಡನೇ ಗೇರಿಗೆ ಸಿದ್ಧವಾಗಿ ಬ್ರೇಕನ್ನು ತುಳಿಯಿತು. ಕಾರು ಜಾರಿಕೊಂಡು ಹೋಗಿ ಚಪ್ಪರದ ಕಂಬಕ್ಕೆ ಮೂತಿ ಮುಟ್ಟಿಸಿತು. ಪುಣ್ಯಕ್ಕೆ ಅಡಿಯಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು ಮಾತ್ರ. ಚಪ್ಪರ ನಿಧಾನವಾಗಿ ನನ್ನ ಮೇಲೆ ಕುಳಿತಿತು. ಬಾನೆಟ್ಟಿನ ಮೇಲೆ ಬಾಳೆಕಂಬ, ಅದರ ಸುತ್ತ ಚೆಂಡುಹೂವು. ಮದುವೆ ಕಾರಿನ ಅಲಂಕಾರ ಅಲ್ಲಿಗೆ ಪೂರ್ಣವಾಯಿತು!

ಮಾವ ಕಣ್ಣಿಗೆ ಬಿದ್ದ ನಿಂಬೆರಸ ಒರೆಸಿಕೊಂಡು ಹುಡುಗರನ್ನು ಕರೆದರು. "ಬನ್ನಿ ಮಕ್ಕಳೇ. ಆವತ್ತು ಒಳಗೆ ದೂಡಿದ್ದೆವು, ಇವತ್ತು ಹೊರಗೆ ದೂಡುವ."

ನಾಚಿಕೆಯಿಂದ ನನಗೆ ಚಪ್ಪರದ ಅಡಿಯಿಂದ ಹೊರಬರುವುದೇ ಬೇಡವೆನಿಸಿತು.

ಕಾರಿಗೆ ಆದದ್ದು ಗೀರು ಮಾತ್ರ. ಮರುದಿನ ಬೆಳಿಗ್ಗೆ ವಾಸಂತಿ ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಅದರಲ್ಲಿ ಕುಳಿತಳು. ಅವಳ ಎಡಗಾಲು ತೆಪ್ಪಗೆ ಬದಿಯಲ್ಲಿತ್ತು; ಸ್ಕೂಟರಿನಲ್ಲಿ ಅದಕ್ಕೆ ಯಾವ ಕೆಟ್ಟ ಚಾಳಿಯೂ ಅಂಟಿರಲಿಲ್ಲ. ಬಲಗಾಲು ಊರಿದಳು. ಒಂದು ಹೂವೂ ಉದುರದಂತೆ ಕಾರು ಸುಯ್ಯೆಂದು ಗೇಟು ದಾಟಿತು. ಎಲ್ಲರೂ ಬಾಯಿ ಬಿಟ್ಟು ನೋಡಿದರು.

"ಸ್ಕೂಟರಿನ ಹಾಗೆಯೇ ಉಂಟು!" ಎಂದು ಕೂಗಿ ಹೇಳಿಯೇ ಹೋದಳು.

ನಾನು ಮೂಡುಬಿದಿರೆಯ ಮದುವೆ ಹಾಲಿಗೆ ಹೊರಟ ದಿಬ್ಬಣದ ಬಸ್ಸಿನಲ್ಲಿ ಕೊನೆಯ ಸೀಟು ಹಿಡಿದೆ. ಪಕ್ಕದಲ್ಲಿ ಬೇರೆ ಮುಂಡು ಉಟ್ಟ ಮಾವ ಬಂದು ಕುಳಿತರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಮಾವ ಒಮ್ಮೆ ಕೆಳಗೆ ನೋಡಿ, ನನ್ನ ತೊಡೆಯ ಮೇಲೆ ಮೆಲ್ಲ ಕೈ ಇಟ್ಟರು.

"ಅಳಿಯಂದಿರೇ, ಎಡಗಾಲು ತೆಗೀರಿ. ಬಸ್ಸಿಗೆ ಬೇರೆ ಡ್ರೈವರ್ ಇದ್ದಾನೆ."

ಮೂಡುಬಿದಿರೆಯವರೆಗೂ ಚಕ್ಕಳಮಕ್ಕಳ ಹಾಕಿ ಕುಳಿತೆ!