ಸೆನ್ಸಾರ್ ಮೇಡಂ ಗೇಟಿಗೆ ಬಂದ ಟಗರು

ಸೆನ್ಸಾರ್ ಅನ್ನೋ ಪದ ಒಂದು ಸಲ ಹೆಸರಿಗೆ ಅಂಟಿಕೊಂಡರೆ ಸಾಕು, ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಹುಡುಗರಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು. ತೊಂಬತ್ತರ ದಶಕದ ಕೊನೆಯಲ್ಲಿ ಯಾರು ಹೆಸರು ಕೊಟ್ಟರೋ ಕಾಣೆ, ಸಿನಿಮಾ ಸೆನ್ಸಾರ್‌ನವರ ಸಲಹಾ ಸಮಿತಿಗೆ ನನ್ನನ್ನೂ ಸೇರಿಸಿಬಿಟ್ಟರು. ಫೋನ್ ಬಂದಾಗ ಬೆಂಗಳೂರಿನ ಬಸ್ಸು ಹತ್ತುವುದು, ಇನ್ನೂ ಬಿಡುಗಡೆಯಾಗದ ಚಿತ್ರವನ್ನು ನಾಲ್ಕು ಜನರ ಜೊತೆ ಕೂತು ನೋಡುವುದು, ಇದನ್ನು ಮಕ್ಕಳೂ ನೋಡಬಹುದಾ, ಏನಾದರೂ ತೆಗೆಯಬೇಕಾ ಅಂತ ಅಭಿಪ್ರಾಯ ಹೇಳಿ ವಾಪಸ್ ಬರುವುದು, ಇಷ್ಟೇ ಕೆಲಸ. ಮರಳೂರಿನ ನಮ್ಮ ಬೀದಿಯವರು ಮಾತ್ರ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕತ್ತರಿ ಇದೆ ಅಂತಲೇ ನಂಬಿದ್ದರು.

ತುಂಡುಗಳ ಗತಿ

ಎದುರುಮನೆಯಾಕೆಗೆ ಒಂದೇ ಅನುಮಾನ: ತೆಗೆದ ತುಂಡುಗಳನ್ನೆಲ್ಲ ನಾವು ಏನು ಮಾಡುತ್ತೇವೆ? ಅವು ನಮ್ಮ ಕೈಗೆ ಬರುವುದೇ ಇಲ್ಲ ಅಂದೆ. ಆಕೆ ನಂಬಲಿಲ್ಲ. ಬ್ಲೌಸ್ ಹೊಲಿಯೋ ಟೈಲರ್ರೇ ಚೂರು ಬಟ್ಟೆ ಇಟ್ಟುಕೊಳ್ಳುತ್ತಾನೆ, ನೀವು ಸುಮ್ಮನೆ ಬಿಟ್ಟು ಬರ್ತೀರಾ ಅಂತ ಆಕೆಯ ವಾದ.

ಒಂದು ಭಾನುವಾರ ಆಕೆಯ ಯಜಮಾನರು ಒಬ್ಬರೇ ಬಂದರು. ಬ್ಯಾಂಕಿನಿಂದ ರಿಟೈರಾದ ಗಂಭೀರ ಮನುಷ್ಯ. ನಲ್ಲಿ ನೀರಿನ ವಿಷಯ, ಮೊಮ್ಮಗನ ವಿಷಯ ಎಲ್ಲ ಮಾತಾಡಿ, ಕಾಫಿ ಮುಗಿಸಿ, ಬಾಗಿಲ ಹತ್ತಿರ ನಿಂತು, ನೋಡಿ ಕೆಡೋ ವಯಸ್ಸು ನನಗಿಲ್ಲ, ಆ ತುಂಡುಗಳೇನಾದರೂ ಮನೆಯಲ್ಲಿದ್ದರೆ ಒಂದು ದಿನದ ಮಟ್ಟಿಗೆ ಕೊಡಿ ಅಂದರು. ಇಲ್ಲ ಅಂದೆ. ತಲೆ ತಗ್ಗಿಸಿಕೊಂಡು ಹೋದರು.

ಮಾರನೇ ದಿನ ಆಕೆ ಬಂದರು.

"ನಮ್ಮೋರು ಏನೋ ಕೇಳಿದ್ರಂತೆ, ಕೊಡ್ಬೇಡಿ ಮೇಡಂ. ಕೊಡೋದೇ ಆದ್ರೆ ನಾನೂ ಇರೋವಾಗ ಕೊಡಿ."

ಕುಣಿಗಲ್‌ನ ಮ್ಯಾಟಿನಿ

ಕುಣಿಗಲ್‌ನಲ್ಲಿ ನೆಂಟರ ಮದುವೆ ಮುಗಿಸಿ ನಾನೂ ನಮ್ಮ ಯಜಮಾನರೂ ಮ್ಯಾಟಿನಿಗೆ ಹೋದೆವು. ಕೆಲವೇ ವಾರದ ಹಿಂದೆ ನಾವೇ ಒಂದು ತುಂಡೂ ತೆಗೆಯದೆ ಕಳಿಸಿದ್ದ ಚಿತ್ರ. ನೋಡುತ್ತೇನೆ, ಎರಡು ಹಾಡು ಇಲ್ಲ. ನಾಯಕಿಯ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದವರು ಮುಂದಿನ ದೃಶ್ಯದಲ್ಲಿ ಫೋಟೋ ಆಗಿ ಗೋಡೆ ಮೇಲೆ ನೇತಾಡುತ್ತಿದ್ದಾರೆ. ಮುಂದಿನ ಆಟಕ್ಕೆ ಹೊತ್ತಾಗುತ್ತದೆ ಅಂತ ಟಾಕೀಸಿನವರೇ ರೀಲು ಹಾರಿಸಿದ್ದರು. ಆಗ ಸಣ್ಣ ಊರುಗಳಲ್ಲಿ ಇದು ನಡೆಯುತ್ತಿತ್ತು.

ಹೊರಗೆ ಬಂದು ಮ್ಯಾನೇಜರ್‌ನ ಕೇಳಿದೆ. ನಾನು ಯಾರು ಅಂತ ಅವನಿಗೇನು ಗೊತ್ತು?

"ನಾವೇನ್ ಮಾಡಣ ಅಕ್ಕಾ, ಸೆನ್ಸಾರ್‌ನೋರು ಕತ್ತರಿಸಿಬಿಟ್ಟವ್ರೆ. ಅವ್ರಿಗೆ ಮನೇಲಿ ನೆಮ್ಮದಿ ಇರಲ್ಲ ನೋಡಿ, ಅದಕ್ಕೇ ಹಿಂಗಾಡ್ತಾರೆ."

ನಮ್ಮ ಯಜಮಾನರು ಅವನ ಭುಜದ ಮೇಲೆ ಕೈ ಇಟ್ಟು, "ಅವ್ರಿಗೆ ಇರುತ್ತಪ್ಪ, ಇಲ್ದೇ ಇರೋದು ಅವರ ಗಂಡಂದಿರಿಗೆ" ಅಂದರು.

ಗೌಡರ ಟಗರು

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಸದೊಂದು ನಿಯಮ ಬಂತು. ಚಿತ್ರದಲ್ಲಿ ಪ್ರಾಣಿ ಇದ್ದರೆ, ಶೂಟಿಂಗ್‌ನಲ್ಲಿ ಅದಕ್ಕೆ ಹಿಂಸೆಯಾಗಿಲ್ಲ ಅಂತ ಪ್ರಾಣಿ ದಯೆಯ ಆಫೀಸಿನಿಂದ ಒಪ್ಪಿಗೆ ತರಬೇಕು. ಅದೇ ಹೊತ್ತಿಗೆ ಗುಬ್ಬಿಯ ತೆಂಗಿನಕಾಯಿ ವ್ಯಾಪಾರದ ಗೌಡರೊಬ್ಬರು ತೆಗೆದ ಸಿನಿಮಾ ನಮ್ಮ ಸಮಿತಿಯ ಮುಂದೆ ಬಂತು. ಅದರಲ್ಲಿ ಹೀರೋಗಿಂತ ಚೆನ್ನಾಗಿ ನಟಿಸಿದ್ದು ಒಂದು ಟಗರು. ಎಡಗೊಂಬು ಅರ್ಧ ಮುರಿದಿದ್ದ ಗತ್ತಿನ ಟಗರು. ಕೊನೆಯಲ್ಲಿ ವಿಲನ್‌ನ ಗುದ್ದಿ ಹುಲ್ಲಿನ ಬಣವೆಗೆ ಕೆಡವುತ್ತದೆ. ಮಿಕ್ಕಿದ್ದೆಲ್ಲ ಸರಿಯಿದೆ, ಟಗರಿನ ಒಪ್ಪಿಗೆ ತನ್ನಿ ಅಂತ ಸೆನ್ಸಾರ್ ಆಫೀಸಿನವರು ಗೌಡರಿಗೆ ಹೇಳಿ ಕಳಿಸಿದರು.

ಗೌಡರಿಗೆ ಕುತ್ತಿಗೆಗೆ ಬಂತು. ಗುಬ್ಬಿಯ ಟಾಕೀಸು ಅವರಿಗೆ ಸಿಕ್ಕಿದ್ದು ಒಂದೇ ವಾರ. ಆ ಶುಕ್ರವಾರ ತಪ್ಪಿದರೆ ದೊಡ್ಡ ಹೀರೋ ಚಿತ್ರ ಬಂದು ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಹುಟ್ಟಿದಾಗಿನಿಂದ ಟಾಕೀಸಿನ ಮೆಟ್ಟಿಲು ಹತ್ತದ ಅವರ ತಾಯಿ, ಮಗನ ಸಿನಿಮಾ ಊರಿಗೆ ಬಂದರೆ ನೋಡುತ್ತೇನೆ ಅಂತ ಒಪ್ಪಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಟೆಂಪೋ ನಿಂತಿತು. ಗೌಡರು ಇಳಿದರು, ಹಿಂದೆ ಒಂದು ಟಗರು ಇಳಿಯಿತು. ಕುಂಕುಮ ಇಟ್ಟು, ಕುತ್ತಿಗೆಗೆ ಹಾರ ಹಾಕಿದ್ದರು.

"ನೀವೇ ಕಣ್ಣಾರೆ ನೋಡ್ಬುಡಿ ಮೇಡಂ. ಹೆಂಗವ್ನೆ?"

ಒಪ್ಪಿಗೆ ಕೊಡುವವಳು ನಾನಲ್ಲ, ಹೀಗೆಲ್ಲ ಮನೆಗೆ ಬರಬಾರದು ಅಂತ ರೇಗಿದೆ. ಆದರೂ ಕಣ್ಣು ಟಗರಿನ ತಲೆಗೆ ಹೋಯಿತು. ಎರಡು ಕೊಂಬೂ ಪೂರ್ತಿ ಇದ್ದವು. ಏನ್ರೀ ಇದು ಅಂದೆ.

"ಬೆಳ್ಕಂಬುಡ್ತು ಮೇಡಂ."

ನಾನು ವಿಜ್ಞಾನದ ಟೀಚರ್ ಅನ್ನೋದು ಪಾಪ ಅವರಿಗೆ ಗೊತ್ತಿರಲಿಲ್ಲ. ಅದನ್ನೇ ಹೇಳಿದೆ. ಗೌಡರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಶೂಟಿಂಗ್ ಮುಗಿದ ದಿನ ಸಿನಿಮಾದವರು ಕುಂಬಳಕಾಯಿ ಒಡೆಯುತ್ತಾರೆ, ಊಟ ಹಾಕುತ್ತಾರೆ. ಗೌಡರು ಕೈ ಬಿಚ್ಚಿ ಊರಿಗೇ ಬಾಡೂಟ ಹಾಕಿದ್ದರು.

"ಶೂಟಿಂಗ್‌ನಲ್ಲಿ ಒಂದ್ ಕೂದ್ಲೂ ಕೊಂಕಿಲ್ಲ ಮೇಡಂ, ನಮ್ಮವ್ವನಾಣೆ. ಆಮೇಕಿಂದು, ಕುಂಬಳಕಾಯಿ ಒಡೆದ್ ಮೇಲೆ."

ನಗು ತಡೆದುಕೊಂಡೆ. ಬೇರೆ ಟಗರು ತೋರಿಸಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ, ಪ್ರಾಣಿ ದಯೆಯವರು ಕೇಳುತ್ತಿರುವುದು ಶೂಟಿಂಗ್ ವಿಷಯ ಮಾತ್ರ ಅಂದೆ. ಆಗ ಗೌಡರಿಗೆ ನೆನಪಾಯಿತು. ಹೀರೋ ಬೆಂಗಳೂರಿನ ಹುಡುಗ. ಟಗರಿಗೆ ಕಾಯಿಲೆ ಇದ್ದರೆ ತಾನು ಊಟಕ್ಕೆ ಕೂರಲ್ಲ ಅಂದಿದ್ದಕ್ಕೆ, ಕೊನೆಯ ದಿನ ದನದ ಡಾಕ್ಟರನ್ನು ಕರೆಸಿ ಪರೀಕ್ಷೆ ಮಾಡಿಸಿದ್ದರು. ಟಗರು ಪೂರ್ಣ ಆರೋಗ್ಯವಾಗಿದೆ ಅಂತ ಡಾಕ್ಟರು ಬರೆದೂ ಕೊಟ್ಟಿದ್ದರು. ಪ್ರಾಣಿ ದಯೆಯವರಿಗೆ ಬೇಕಾಗಿದ್ದೂ ಅದೇ. ಗೌಡರು ಹೋಗಿ ನಿಜ ಹೇಳಿದರಂತೆ. ಅಲ್ಲಿನ ಸಾಹೇಬರು ಡಾಕ್ಟರ ಚೀಟಿ ಎರಡು ಸಲ ಓದಿ, ಕುಂಬಳಕಾಯಿ ಆದಮೇಲಿನದು ನಮ್ಮ ಲೆಕ್ಕಕ್ಕೆ ಬರಲ್ಲ ಅಂತ ಸಹಿ ಹಾಕಿದರಂತೆ.

ಶುಕ್ರವಾರ ಗುಬ್ಬಿಗೆ ನಾವೂ ಹೋದೆವು. ಗೌಡರು, ಅವರ ತಾಯಿ ನಮ್ಮ ಮುಂದಿನ ಸಾಲಿನಲ್ಲಿ. ದೀಪ ಆರಿತು. ನಿಯಮದ ಪ್ರಕಾರ ಪರದೆ ತುಂಬ ಅಕ್ಷರ ಬಂತು: ಚಿತ್ರೀಕರಣದ ಸಮಯದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ.

ಮೊದಲು ಒಬ್ಬ ಕಿಸಕ್ಕಂದ. ಆಮೇಲೆ ಇಡೀ ಟಾಕೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟಕ್ಕೆ ಬಂದವರೇ ತಾನೇ ಎಲ್ಲ. ಗೌಡರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಓದು ಬಾರದ ತಾಯಿ, ಯಾಕ್ಲಾ ನಗ್ತಾವ್ರೆ ಅಂತ ಆ ಟವೆಲ್ ಎಳೆದರು.

ಹತ್ತು ನಿಮಿಷಕ್ಕೆ ಟಗರು ಪರದೆಗೆ ಬಂತು. ಆ ತಾಯಿ ಎದ್ದು ನಿಂತೇಬಿಟ್ಟರು. ಕಿವಿ ಮಂದ, ಹಾಗಾಗಿ ಗಂಟಲು ದೊಡ್ಡದು.

"ಲೇ, ಇವ ನಮ್ಮನೆ ಟಗರಲ್ವೇನ್ಲಾ? ನಾನು ಮಗಳ ಬಾಣಂತನಕ್ಕೆ ಹೋಗಿದ್ದಾಗ ತಪ್ಪಿಸ್ಕಂಡು ಓಡೋಯ್ತು ಅಂದಿದ್ದೆ?"

ಶಿಳ್ಳೆ ಹೊಡೆಯುತ್ತಿದ್ದ ಟಾಕೀಸು ಗಪ್‌ಚುಪ್. ಗೌಡರು ಕೂತಲ್ಲೇ ಕರಗಿಹೋದರು. ಪರದೆಯ ಮೇಲೆ ಟಗರು ತಲೆ ಎತ್ತಿ ನೇರ ನಮ್ಮ ಕಡೆಗೇ ನೋಡಿತು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸಮಾಧಾನವಾಗಿ ಕೂತರು.

"ಎಲ್ಲೋದ್ನೋ ಅಂತ ಎಷ್ಟ್ ಅತ್ತಿದ್ದೆ. ಸಿನಿಮಾ ಸೇರ್ಕಂಡವ್ನೆ ಬುಡು, ಎಲ್ಲಾದ್ರೂ ಚೆನ್ನಾಗಿರ್ಲಿ."