ಒಲೆ ಉರಿಯುವ ಹೊತ್ತು

ಎಲ್ಲಕ್ಕೂ ಕಾರಣ ಒಂದು ಕಲ್ಲು. ಪ್ರೆಸ್ಸಿನ ಯಜಮಾನರು ಮಧ್ಯಾಹ್ನ ಪ್ರೆಸ್ಸಿನದೇ ಅಡುಗೆಮನೆಯ ಊಟಕ್ಕೆ ಕೂತು, ಅನ್ನದ ಮೊದಲ ತುತ್ತು ಬಾಯಿಗಿಟ್ಟು, ಬಾಕಿ ಕೊಡದ ಯಾವುದೋ ಗಿರಾಕಿಯನ್ನು ನೆನೆದು ಹಲ್ಲು ಕಡಿದರು. ಗಿರಾಕಿಗೆ ಏನೂ ಆಗಲಿಲ್ಲ. ಯಜಮಾನರ ದವಡೆ ಹಲ್ಲಿನ ಒಂದು ಮೂಲೆ ಮುರಿದು ಕಲ್ಲಿನ ಜೊತೆಗೇ ತಟ್ಟೆಗೆ ಬಿತ್ತು. ಪ್ರಥಮ ಚುಂಬನೇ ದಂತಭಗ್ನಂ ಅನ್ನುತ್ತಾರೆ. ಪಾಪ, ಅವರಿಗೆ ಚುಂಬನದ ಸುಖವೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಊದಿದ ಕೆನ್ನೆ ಹೊತ್ತುಕೊಂಡು ಬಂದವರೇ ಲೆಕ್ಕದ ಗುಮಾಸ್ತನನ್ನು ಕರೆಸಿದರು. ಈ ಗುಮಾಸ್ತನಿಗೆ ಪ್ರೆಸ್ಸಿನವರು ಇಟ್ಟಿದ್ದ ಹೆಸರು ತಕ್ಕಡಿ. ಯಾವ ಮಾತು ಬಂದರೂ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ, ಕೊನೆಗೆ ಎರಡೂ ಕಡೆ ಸೇರದೆ ನಡುವೆ ನಿಲ್ಲಿಸುವುದು ಅವನ ಅಭ್ಯಾಸ. ವಯಸ್ಸು ಐವತ್ತು ದಾಟಿತ್ತು. ಈ ಕೆಲಸ ಬಿಟ್ಟರೆ ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಈ ಕುರ್ಚಿ ಬಿಟ್ಟರೆ ಬೇರೆ ಕುರ್ಚಿಗೆ ಅವನ ಬೆನ್ನೂ ಹೊಂದುತ್ತಿರಲಿಲ್ಲ.

"ಒಳಗೆ ಅಡುಗೆ ಮಾಡಿಸೋದು ಅಗ್ಗವೋ, ಎದುರಿನ ಹೋಟೆಲಿಂದ ಎಲ್ಲರಿಗೂ ಊಟ ತರಿಸೋದು ಅಗ್ಗವೋ? ಮಧ್ಯಾಹ್ನ ಮುಗಿಯೋದ್ರೊಳಗೆ ಲೆಕ್ಕ ಬೇಕು," ಎಂದರು ಯಜಮಾನರು ಅರ್ಧ ಬಾಯಲ್ಲಿ. "ಆ ಕಡೆ ಈ ಕಡೆ ಅಂತ ತೂಗಾಡಬೇಡಿ. ಒಂದು ಕಡೆ ಹೇಳಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ, ಆಗೋ ಅಂಥವರನ್ನ ನಾನು ಹುಡುಕ್ಕೊಳ್ತೀನಿ."

ತಕ್ಕಡಿ ತಲೆಯನ್ನು ಎಡಕ್ಕೆ ವಾಲಿಸಲು ಹೋಗಿ ನೆಟ್ಟಗೆ ಮಾಡಿಕೊಂಡ. ಇದೇ ವಿಷಯಕ್ಕೆ ಮನೆಯಲ್ಲಿ ಆಗಲೇ ಒಂದು ಸುತ್ತು ಜಗಳ ಮುಗಿಸಿ ಬಂದಿದ್ದ. ಅವತ್ತು ಹೆಂಡತಿಯ ಹುಟ್ಟುಹಬ್ಬ. "ರೀ, ಇವತ್ತೊಂದು ದಿನ ಹೊರಗೆ ಊಟ ಮಾಡೋಣ," ಎಂದಿದ್ದಳು ಅವಳು. "ಹೋಟೆಲಲ್ಲಿ ಒಬ್ಬರು ತಿನ್ನೋ ದುಡ್ಡಲ್ಲಿ ಮನೇಲಿ ಇಬ್ಬರೂ ಎರಡು ಹೊತ್ತು ತಿನ್ನಬಹುದು," ಎಂದಿದ್ದ ಇವನು. "ಮನೇಲಿ ಮಾಡೋಳಿಗೆ ಸಂಬಳ ಇಲ್ವಲ್ಲ, ಅದಕ್ಕೇ ಅಗ್ಗ," ಎಂದು ಅವಳು ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದ್ದಳು. ಶುಭಾಶಯ ಹೇಳುವುದಕ್ಕೆ ಅಲ್ಲಿ ಸಂದೇ ಉಳಿಯಲಿಲ್ಲ.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಪ್ರೆಸ್ಸಿನ ಗೋಡೆಗೆ ಇದ್ದದ್ದು ಬೈಂಡರನ ಕಿವಿ. ತಕ್ಕಡಿ ತನ್ನ ಮೇಜಿಗೆ ಬಂದು ಕೂರುವಷ್ಟರಲ್ಲಿ ಅವನು ಅಂಟಿನ ಡಬ್ಬಿ ಹಿಡಿದುಕೊಂಡೇ ಹಾಜರಾದ. ಅವನು ತಕ್ಕಡಿಗೆ ಪಕ್ಕದ ಮನೆಯವನೂ ಹೌದು, ಹಾಗಾಗಿ ಎರಡು ಕಡೆಯೂ ತಲೆಹಾಕುವ ಹಕ್ಕು ತನಗಿದೆ ಎಂದು ನಂಬಿದ್ದ.

"ಕಣ್ಣು ಮುಚ್ಚಿ ಹೋಟೆಲ್ ಅಂತ ಬರೀರಿ," ಎಂದ. "ಮನೇಲಿ ನಮ್ಮೋಳ ಅಡುಗೆ, ಇಲ್ಲಿ ಅಡುಗೆಮನೆ ಅಕ್ಕನ ಅಡುಗೆ ತಿಂದು ತಿಂದು ನನ್ನ ನಾಲಿಗೆ ರಟ್ಟಾಗಿಹೋಗಿದೆ."

"ಹಾಗೆಲ್ಲ ಬರೆಯೋಕಾಗತ್ತೇನಯ್ಯಾ? ಲೆಕ್ಕ ಹೇಳಬೇಕು," ಎಂದ ತಕ್ಕಡಿ.

ಮುದ್ರಣಯಂತ್ರ ನಡೆಸುವವನು ಕೈಯ ಮಸಿ ಒರೆಸಿಕೊಳ್ಳುತ್ತಾ ಬಂದ. "ಎಲ್ಲರೂ ಹೋಟೆಲಲ್ಲಿ ಸಾಲು ನಿಂತ್ರೆ ಮಿಶಿನ್ ತಣ್ಣಗಾಗತ್ತೆ. ಅದನ್ನೂ ಲೆಕ್ಕಕ್ಕೆ ಹಿಡೀರಿ," ಎಂದ. ತಕ್ಕಡಿ ಹಿಡಿದ, ಅಡುಗೆಮನೆ ಗೆದ್ದಿತು. "ಹಾಗಾದ್ರೆ ಸೋಪು, ನೀರು, ಸೀದುಹೋದ ಪಾತ್ರೆ?" ಎಂದ ಬೈಂಡರ್. ಅದನ್ನೂ ಹಿಡಿದ, ಹೋಟೆಲು ಗೆದ್ದಿತು. "ಮತ್ತೆ ಬೆಕ್ಕು?" ಎಂದಿತು ಯಾವುದೋ ದನಿ.

ಬೆಕ್ಕಿನ ಹತ್ತಿರ ತಕ್ಕಡಿಯ ಬುದ್ಧಿಯೇ ನಿಂತುಹೋಯಿತು. ಅಡುಗೆಮನೆ ಇರುವುದರಿಂದ ಇಲಿ ಬರುತ್ತಿದ್ದವು. ಇಲಿ ಬಂದು ಕಾಗದ ಕಡಿಯುತ್ತಿದ್ದವು. ಇಲಿ ಹಿಡಿಯಲೆಂದು ಬೆಕ್ಕು ಸಾಕಿದ್ದರು, ಆ ಬೆಕ್ಕು ಅಡುಗೆಮನೆಯ ಹಾಲು ಕುಡಿಯುತ್ತಿತ್ತು. ಈಗ ಬೆಕ್ಕಿನ ಹಾಲನ್ನು ಅಡುಗೆಯ ಖರ್ಚಿಗೆ ಬರೆಯುವುದೋ, ಕಾಗದದ ಖರ್ಚಿಗೋ? ಅಡುಗೆಮನೆ ಮುಚ್ಚಿದರೆ ಇಲಿಗಳು ಹೋಟೆಲಿಗೆ ಹೋಗುತ್ತವೋ, ಹಸಿವು ತಡೆಯಲಾರದೆ ಇನ್ನಷ್ಟು ಕಾಗದ ತಿನ್ನುತ್ತವೋ? ಬೆಕ್ಕು ಅವನ ಮೇಜಿನ ಮೇಲೇ ಮಲಗಿ, ಇದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಮೀಸೆ ನೆಕ್ಕಿಕೊಳ್ಳುತ್ತಿತ್ತು.

ಊಟದ ಹೊತ್ತಿಗೆ ಸುದ್ದಿ ಅಡುಗೆಮನೆಗೂ ಮುಟ್ಟಿತ್ತು. ಕಾಗದದ ಕೋಣೆಯ ಹಿಂದಿನ ಆ ಕತ್ತಲೆ ಮೂಲೆಯಲ್ಲಿ ಎಷ್ಟೋ ವರ್ಷದಿಂದ ಒಬ್ಬಳೇ ಬೇಯಿಸಿ ಬಡಿಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ತಕ್ಕಡಿಯ ತಟ್ಟೆಗೆ ಬಡಿಸಿದಳು, ಅಷ್ಟೆ. ಅನ್ನ ಹಾಕಿದಳು, ಅದರ ಮೇಲೆ ಬೇಳೆ, ಅದರ ಮೇಲೆ ಮತ್ತೆ ಅನ್ನ. ಪಾತ್ರೆಯ ತಳ ಹಿಡಿದ ಗರಿಗರಿ ಅನ್ನ ಅವನಿಗೆ ಇಷ್ಟವೆಂದು ದಿನಾ ಒಂದು ಚೂರು ಎತ್ತಿಡುತ್ತಿದ್ದಳು. ಇವತ್ತು ತಳವನ್ನೆಲ್ಲ ಕೆರೆದು ತಂದಳು.

"ಸಾಕು ಅಕ್ಕ."

"ತಿನ್ನಿ ತಮ್ಮ. ನಾಳೆ ಯಾರು ಬಡಿಸ್ತಾರೋ ಏನೋ."

ಇಂಥ ಮಾತಿನ ಮೇಲೆ ತಟ್ಟೆಯಲ್ಲಿ ಬಿಡುವುದು ಹೇಗೆ? ಅಗುಳೂ ಬಿಡದೆ ತಿಂದ. ಕೈ ತೊಳೆದು ತಿರುಗಿದರೆ ಎದುರಿನ ಹೋಟೆಲಿನವನು ಬಾಗಿಲಲ್ಲೇ ನಿಂತಿದ್ದ. "ನಮ್ಮದನ್ನ ತಿಂದು ನೋಡದೇ ಲೆಕ್ಕ ಹಾಕಿದ್ರೆ ನ್ಯಾಯವಾ ಸ್ವಾಮಿ?" ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋದ. ಅಲ್ಲಿ ಮತ್ತೆ ಅನ್ನ, ಮತ್ತೆ ಪಲ್ಯ, ಮೇಲೊಂದು ಸಿಹಿ. ಬೇಡ ಎಂದರೆ ಪಕ್ಷಪಾತವೆಂದಾನು ಎಂಬ ಭಯಕ್ಕೆ ತಕ್ಕಡಿ ಅದನ್ನೂ ತಿಂದ. ಅವನ ಜೀವನದಲ್ಲಿ ಎರಡು ಪಕ್ಷಕ್ಕೂ ಸಮನಾಗಿ ನ್ಯಾಯ ಒದಗಿಸಿದ್ದು ಅವತ್ತೇ. ನ್ಯಾಯ ಹೊಟ್ಟೆಯಲ್ಲಿ ಕೂತು ಗುಡುಗುಡು ಅನ್ನತೊಡಗಿತು.

ರಸ್ತೆ ದಾಟಿ ಮೇಜಿಗೆ ಮರಳುವುದೇ ಕಷ್ಟವಾಯಿತು. ಸೊಂಟದ ಬೆಲ್ಟು ಸಡಿಲಿಸಿ ಕೂತು ಕಾಗದ ನೋಡಿದ. ಕೂಡಿದ್ದನ್ನು ಹೊಡೆದು ಹಾಕಿ, ಹೊಡೆದದ್ದನ್ನು ಮತ್ತೆ ಕೂಡಿ, ಅದು ಕೋಳಿ ಕೆದರಿದ ತಿಪ್ಪೆಯ ಹಾಗಾಗಿತ್ತು. ಯಜಮಾನರ ಕೋಣೆಯಿಂದ "ಆಯ್ತಾ?" ಎಂಬ ದನಿ ಬಂತು. ತಕ್ಕಡಿಗೆ ನಿಜವಾಗಿ ಅಳು ಬಂತು. ಮನೆಯಲ್ಲಿ ಹೆಂಡತಿ ಮುನಿದಿದ್ದಾಳೆ, ಹೊಟ್ಟೆ ಮುನಿದಿದೆ, ಇನ್ನು ಯಜಮಾನರೂ ಮುನಿದರೆ ನಾಳೆ ಎಲ್ಲಿಗೆ ಹೋಗಲಿ?

ಆಗ ಅಕ್ಕ ಬಂದು ಒಂದು ಲೋಟ ಬಿಸಿ ಜೀರಿಗೆ ನೀರು ಮೇಜಿನ ಮೇಲಿಟ್ಟಳು. "ಹೊಟ್ಟೆ ಸರಿಯಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಒಲೆ ಆರಿಸಿಬಿಟ್ಟಿದ್ದೆ. ನಿಮಗೋಸ್ಕರ ಮತ್ತೆ ಹಚ್ಚಿದೆ," ಎಂದು ಹೋದಳು.

ಒಲೆ ಆರಿಸಿಬಿಟ್ಟಿದ್ದೆ ಎಂಬ ಮಾತು ತಕ್ಕಡಿಯ ತಲೆಯಲ್ಲಿ ಹೊತ್ತಿಕೊಂಡಿತು. ಬೆಕ್ಕು, ಸೋಪು, ಮಿಶಿನ್ನು ಯಾವುದೂ ಬೇಡ. ಒಂದೇ ವಾಕ್ಯ ಸಾಕು. ಜೀರಿಗೆ ನೀರು ಗುಟುಕರಿಸುತ್ತಾ ಬರೆದ: ಒಲೆ ಉರಿಯುವುದು ಸ್ವಲ್ಪ ಹೊತ್ತು, ಸಂಬಳ ಇಡೀ ದಿನಕ್ಕೆ. ಸ್ವಲ್ಪ ಹೊತ್ತಿನ ಕೆಲಸಕ್ಕೆ ಇಡೀ ದಿನದ ಆಳನ್ನು ಸಾಕುವುದಕ್ಕಿಂತ, ಬೇಕಾದಷ್ಟನ್ನು ಹೊರಗಿನಿಂದ ಕೊಳ್ಳುವುದೇ ಲಾಭ. ಬರೆದ ಮೇಲೆ ಅವನಿಗೆ ತುಂಬ ನಾಚಿಕೆಯಾಯಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದು ಗೊತ್ತಿತ್ತು. ಆದರೂ ಬರೆದದ್ದನ್ನು ಹರಿಯಲಿಲ್ಲ. ಲೋಟ ಖಾಲಿ ಮಾಡಿ, ಕಾಗದ ಯಜಮಾನರ ಮೇಜಿನ ಮೇಲಿಟ್ಟು ಬಂದ.

ಸಂಜೆ ಯಜಮಾನರು ಕರೆದರು. ಕರೆದವರು "ಕೂತ್ಕೊಳ್ಳಿ" ಎಂದರು. ಆ ಕೋಣೆಯಲ್ಲಿ ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಈ ವಾಕ್ಯ ನಿಮ್ಮದೇನಾ?"

"ನಂದೇ ಸಾರ್."

"ಭಾಳ ಸರಿಯಾಗಿ ಬರೆದಿದ್ದೀರಿ. ಆಗಲೇ ಹೋಟೆಲಿನವರ ಹತ್ರ ಮಾತಾಡಿ ಮುಗಿಸಿದೆ. ಇಷ್ಟು ಜನಕ್ಕೆ ಬೇಯಿಸೋಕೆ ಅವರಿಗೂ ಕೈ ಸಾಲದು, ಅಕ್ಕನ್ನ ಜಾಸ್ತಿ ಸಂಬಳ ಕೊಟ್ಟು ಅವರೇ ಕರ್ಕೊಂಡು ಹೋದ್ರು." ತಕ್ಕಡಿಯ ಎದೆಯ ಮೇಲಿದ್ದ ಭಾರ ಇಳಿಯಿತು. ಯಜಮಾನರು ಕೆನ್ನೆ ಸವರಿಕೊಂಡರು. "ಇದನ್ನೆಲ್ಲ ಇಷ್ಟು ಬೇಗ ಹೇಗೆ ಮಾಡಿದ್ರಿ? ದಿನದ ಲೆಕ್ಕ ಬರೆಯೋದೂ ಇತ್ತಲ್ಲ?"

"ಅದೆಷ್ಟು ಹೊತ್ತು ಸಾರ್? ಬೆಳಿಗ್ಗೆ ಒಂದು ಗಂಟೆ ಕೂತ್ರೆ ಮುಗೀತು. ಕೈ ಪಳಗಿದೆ."

"ಒಂದೇ ಗಂಟೆ?"

"ಕೆಲವು ದಿನ ಅದೂ ಬೇಡ ಸಾರ್," ಎಂದ ತಕ್ಕಡಿ ಉಬ್ಬಿಹೋಗಿ.

ಯಜಮಾನರು ಕಾಗದವನ್ನು ಇನ್ನೊಮ್ಮೆ ಓದಿದರು. "ಹಾಗಾದ್ರೆ ನಿಮ್ಮ ಒಲೆ ಉರಿಯೋದು ಒಂದೇ ಗಂಟೆ," ಎಂದರು ನಿಧಾನವಾಗಿ. "ಮೂಲೆ ಅಂಗಡಿ ಮಹಡಿ ಮೇಲೆ ಲೆಕ್ಕ ಬರೆದುಕೊಡೋರು ಇದ್ದಾರಂತೆ. ವಾರಕ್ಕೊಂದು ಸಲ ಬಂದು ಬರೆದು ಹೋಗ್ತಾರೆ. ನೀವು ಈ ತಿಂಗಳು ಮುಗಿಸಿ. ಹೋಗೋ ಮುಂಚೆ ಅವರಿಗೆ ಎಲ್ಲ ತೋರಿಸಿಕೊಡಿ."

ತಕ್ಕಡಿ ಕಾಗದಕ್ಕೆ ಕೈ ಚಾಚಿದ. "ಲೆಕ್ಕದಲ್ಲಿ ತಪ್ಪಿದೆ ಸಾರ್. ನಾನು ಬೆಕ್ಕನ್ನ ಹಿಡಿದೇ ಇಲ್ಲ."

"ಬೆಕ್ಕು ಇರ್ಲಿ ಬಿಡಿ. ಅದು ಇಡೀ ದಿನ ಕೆಲಸ ಮಾಡತ್ತೆ."

ಮನೆಯ ದಾರಿಯುದ್ದಕ್ಕೂ ಹೆಂಡತಿಗೆ ಹೇಗೆ ಹೇಳಲಿ ಎಂಬುದೊಂದೇ ಯೋಚನೆ. ಹೇಳಲು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿ ಕಂಡಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಒಳಗೆ ಒಲೆ ತಣ್ಣಗಿತ್ತು, ತೊಳೆದ ಪಾತ್ರೆಗಳೆಲ್ಲ ಮಕಾಡೆ ಮಲಗಿದ್ದವು. ಪಕ್ಕದಲ್ಲಿ ಬೈಂಡರನೂ ಅವನ ಹೆಂಡತಿಯೂ ತಲೆ ಬಾಚಿಕೊಂಡು ತಯಾರಾಗಿ ನಿಂತಿದ್ದರು.

"ಬೈಂಡರ್ ಅಣ್ಣ ಎಲ್ಲ ಹೇಳಿದ್ರು," ಎಂದಳು. "ಹೊರಗೆ ತಿನ್ನೋದೇ ಅಗ್ಗ ಅಂತ ನೀವೇ ಯಜಮಾನರಿಗೆ ಬರೆದು ಕೊಟ್ರಂತೆ. ನನ್ನ ಹುಟ್ಟುಹಬ್ಬಕ್ಕೇ ಅಂತ ಮಾಡಿದ್ರಾ? ಬೆಳಿಗ್ಗೆ ಸುಮ್ಮನೆ ಬೈದುಬಿಟ್ಟೆ ರೀ."

ಅವಳ ಮುಖ ಅಷ್ಟು ಅರಳಿದ್ದನ್ನು ತಕ್ಕಡಿ ನೋಡಿ ಬಹಳ ಕಾಲವಾಗಿತ್ತು. ಕೆಲಸ ಹೋದ ಸುದ್ದಿಯನ್ನು ನಾಳೆಗೆ ಇಟ್ಟುಕೊಂಡು, ಚಪ್ಪಲಿ ಬಿಡದೆ ಅವರ ಜೊತೆ ಹೊರಟ. ಹೋದದ್ದು ಪ್ರೆಸ್ಸಿನ ಎದುರಿನ ಅದೇ ಹೋಟೆಲಿಗೆ. ಬೈಂಡರ್ ದಂಪತಿ ಎರಡೆರಡು ಸಲ ಹಾಕಿಸಿಕೊಂಡರು. ಹುಟ್ಟುಹಬ್ಬದ ಊಟ, ದುಡ್ಡು ಯಾರು ಕೊಡುತ್ತಾರೆ ಎಂದು ಯಾರೂ ಕೇಳಲಿಲ್ಲ.

ಒಳಗಿನಿಂದ ಅಕ್ಕ ಹೊಸ ಏಪ್ರನ್ ಕಟ್ಟಿಕೊಂಡು ತಾನೇ ಬಡಿಸಲು ಬಂದಳು. "ನೀವು ಬರೆದಿದ್ದಕ್ಕೇ ನನಗೆ ಈ ಕೆಲಸ ಸಿಕ್ಕಿದ್ದು ತಮ್ಮ. ನಿಮ್ಮ ಉಪಕಾರ ಮರೆಯಲ್ಲ," ಎಂದು ಕಣ್ಣು ತುಂಬಿಕೊಂಡು ಅವನ ತಟ್ಟೆಗೆ ಅನ್ನ ಸುರಿದಳು. ಹೊಟ್ಟೆಯಲ್ಲಿ ಮಧ್ಯಾಹ್ನದ ಎರಡು ಊಟ ಇನ್ನೂ ಜಗಳವಾಡುತ್ತಿದ್ದವು. ಬಿಟ್ಟರೆ ಹೆಂಡತಿ ಏನಾಯಿತು ಎಂದು ಕೇಳುತ್ತಾಳೆ. ತಕ್ಕಡಿ ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟು, ಯಜಮಾನರನ್ನು ನೆನೆದು ಹಲ್ಲು ಕಡಿದ.

ಕಟ್ ಎಂದಿತು.

"ಏನ್ರೀ ಅದು?" ಎಂದಳು ಹೆಂಡತಿ.

ತಕ್ಕಡಿ ಕಲ್ಲನ್ನೂ ಹಲ್ಲಿನ ಚೂರನ್ನೂ ಮೆಲ್ಲಗೆ ತಟ್ಟೆಯ ಅಂಚಿಗಿಟ್ಟ. "ಏನಿಲ್ಲ," ಎಂದ ಅರ್ಧ ಬಾಯಲ್ಲಿ. "ಥೇಟ್ ನಮ್ಮ ಪ್ರೆಸ್ಸಿನ ಒಳಗಿನ ಊಟದ ಹಾಗೇ ಇದೆ."